ನೀರಿಗೆ ಹೆಪ್ಪು

ಗಾಜಿನ ತೊಟ್ಟಿ ಪುಣೆಯ ವಾಕಡದ ಏಳನೇ ಮಹಡಿಯ ಮನೆಗೆ ಬಂದದ್ದು ಆಷಾಢದ ಕೊನೆಯ ವಾರ, ನಾಲ್ವರ ಹೆಗಲ ಮೇಲೆ. ನಾಲ್ಕಡಿ ಉದ್ದ, ಎರಡಡಿ ಎತ್ತರ. ಬಸವಲಿಂಗನ ಆಫೀಸಿನ ಸಾಹೇಬ ಅವಿನಾಶ್ ಅವರ ಮನೆಯಲ್ಲಿ ಇಂಥದೇ ಉಪ್ಪುನೀರಿನ ತೊಟ್ಟಿ ಇತ್ತು. ಅದರೊಳಗೆ ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಸಮುದ್ರದ ಮೀನುಗಳು ಓಡಾಡುತ್ತಿದ್ದವು. ಸಾಹೇಬರ ಮನೆಯಲ್ಲಿ ಕಂಡದ್ದು ನಮ್ಮ ಮನೆಯಲ್ಲೂ ಇರಬೇಕೆನ್ನುವುದು ಒಂದು ಕಾಯಿಲೆ. ಅದಕ್ಕೆ ಸದ್ಯ ಸಿಗುವ ಔಷಧ ಕಂತು.

"ಲಿಂಗಾ ಕಟ್ಟಿದ ಮನ್ಯಾಗ ಮೀನಾ?" ಎಂದಳು ಅವನ ತಾಯಿ ಶಿವಗಂಗವ್ವ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

"ತಿನ್ನಾಕಲ್ಲ ಅವ್ವಾ, ನೋಡಾಕ."

"ನೋಡಾಕ ಟೀವಿ ಅದಲ್ಲ."

ಬಸವಲಿಂಗನ ತಂದೆ ಗೂಳಪ್ಪ ಎದ್ದು ತೊಟ್ಟಿಯ ಸುತ್ತ ಒಂದು ಸುತ್ತು ಬಂದ. ಗಾಜಿನ ಮೂಲೆಯ ಅಂಟನ್ನು ಉಗುರಿನಿಂದ ಒತ್ತಿ ನೋಡಿದ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ನೀರಿನ ಲೈನಿನ ಫಿಟ್ಟರ್ ಆಗಿದ್ದವನು ಅವನು. ಎರಡು ವರ್ಷದ ಹಿಂದೆ ನಿವೃತ್ತನಾಗಿ, ಕ್ವಾರ್ಟರ್ಸಿನ ಕೀಲಿ ಒಪ್ಪಿಸಿ, ಹೆಂಡತಿಯೊಡನೆ ಮಗನ ಫ್ಲ್ಯಾಟಿಗೆ ಬಂದಿದ್ದ. ಅವನ ಹತ್ಯಾರಗಳ ಪೆಟ್ಟಿಗೆಯೂ ಬಂತು. ಅದಕ್ಕೆ ಬಾಲ್ಕನಿಯಲ್ಲಿ, ವಾಷಿಂಗ್ ಮಶೀನಿನ ಹಿಂದೆ, ಜಾಗ ಸಿಕ್ಕಿತು.

ಬಂದ ವಾರವೇ ಅಂಗಿ ತೂಗುಹಾಕಲೆಂದು ಗೋಡೆಗೆ ಒಂದು ಮೊಳೆ ಹೊಡೆದ. "ಅಪ್ಪಾ, ನನ್ನ ಕೇಳಬೇಕಿತ್ತಲ್ಲ," ಎಂದ ಬಸವಲಿಂಗ. ಗೂಳಪ್ಪ ಸೋರುವ ನಳಕ್ಕೆ ವಾಶರ್ ಹಾಕಿದ. "ನನ್ನ ಕೇಳಬೇಕಿತ್ತಲ್ಲ ಅಪ್ಪಾ, ಅದು ಗ್ಯಾರಂಟ್ಯಾಗ ಅದ." ಮಗ ಒಮ್ಮೆಯೂ ದನಿ ಏರಿಸಲಿಲ್ಲ. ಏರಿಸಿದ್ದರೆ ಗೂಳಪ್ಪನೂ ಏರಿಸಬಹುದಿತ್ತು. ಮೆತ್ತಗೆ ಹೇಳಿದ್ದಕ್ಕೆ ಏನು ಉತ್ತರ ಕೊಡುವುದು? ಆಮೇಲೆ ಅವನು ಫ್ಯಾನಿನ ಗುಂಡಿ ಒತ್ತುವ ಮೊದಲೂ ಸುತ್ತ ನೋಡತೊಡಗಿದ.

ಮೊದಲ ಜಗಳ ಊಟಕ್ಕೆ ಕುಳಿತಾಗ, ಮಡಿಕಿಕಾಳು ಪಲ್ಯದ ಎದುರು ಆಯಿತು. ತೊಟ್ಟಿ ಮಾರಿದ ಅಂಗಡಿಯವನು ಬಸವಲಿಂಗನಿಗೆ ನೀರು ಸೋಸಲು ಡಬ್ಬಿ ಫಿಲ್ಟರ್ ಹೇಳಿದ್ದ. ಬಿಗಿಯಾಗಿ ಮುಚ್ಚಿದ ದೊಡ್ಡ ಡಬ್ಬಿ. ಒಂದು ಕೊಳವೆಯಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಅದು ಹೇಗೆ ನಡೆದಿದೆಯೆಂದು ಫೋನಿನಲ್ಲೇ ತಿಳಿಯುತ್ತದೆ. ಬೆಲೆ ಕೇಳಿದ ಶಿವಗಂಗವ್ವ, "ಮೂಗಿಗಿಂತ ಮೂಗುತಿ ಭಾರ ಆತಲ್ಲೋ," ಎಂದಳು.

"ಡಬ್ಬಿ ಬ್ಯಾಡ," ಎಂದ ಗೂಳಪ್ಪ.

ಎಲ್ಲರೂ ಅವನನ್ನು ನೋಡಿದರು. ಈ ಮನೆಗೆ ಬಂದ ಮೇಲೆ ಅವನು ಬೇಡ ಎಂದದ್ದು ಎರಡನೇ ಸಲ ಬಡಿಸಿದ ಅನ್ನವನ್ನು ಮಾತ್ರ.

"ಮುಚ್ಚಿದ ಡಬ್ಬ್ಯಾಗ ಏನ ನಡದದ ಅನ್ನೋದು ಕಾಣಂಗಿಲ್ಲ. ಕರೆಂಟ್ ಹೋತಂದ್ರ ಒಳಗಿನ ನೀರು ಅಲ್ಲೇ ಕೊಳೀತದ. ಕೆಳಗ ಕಪಾಟಿನ್ಯಾಗ ಇನ್ನೊಂದು ತೊಟ್ಟಿ ಇಡೋಣು, ಸಂಪು ಇಟ್ಟಂಗ. ಮ್ಯಾಲಿನ ನೀರು ತುಂಬಿ ತಾನ ಕೆಳಗ ಇಳೀತದ. ಸ್ಪಂಜಿನ್ಯಾಗ, ತೂತಿನ ಕಲ್ಲಿನ್ಯಾಗ ಹಾದು ಬರ್ತದ. ಪಂಪು ಮತ್ತ ಮ್ಯಾಲ ಒಗೀತದ. ಎಲ್ಲಾ ಕಣ್ಣಿಗೆ ಕಾಣತಿರ್ತದ."

"ಇದು ಕಾರ್ಖಾನಿ ಅಲ್ಲ ಅಪ್ಪಾ. ಹಾಲ್‌ನ್ಯಾಗ ಪೈಪು ಕೂಡ್ರಸ್ತೀರೇನು?"

"ಕೂಡ್ರಸ್ತೇನಿ."

ಸೊಸೆ ನೀತಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ಅಳೆದು ತೂಗಿ ಬರುವ ಅವಳಿಗೆ ಮನೆಯಲ್ಲಿ ಮಾತು ಅಳೆಯುವ ಸಹನೆ ಇರಲಿಲ್ಲ. "ಮಾವಾರಿಗೆ ಮಾಡಾಕ ಬಿಡ್ರಿ," ಎಂದಳು ಗಂಡನಿಗೆ. "ಹೊರಗಿನವರು ಮಾಡಿದ್ರ ಎಂಜಿನಿಯರು, ಮನ್ಯಾಗಿನವರು ಮಾಡಿದ್ರ ಉಸಾಬರಿ ಅಂದ್ರ ಹ್ಯಾಂಗ?"

ಬಸವಲಿಂಗ ಒಪ್ಪಿದ, ಷರತ್ತು ಹಾಕಿ. ದಸರೆಯ ಸಂಜೆ ಅವಿನಾಶ್ ಸಾಹೇಬರು ಹೆಂಡತಿಯೊಡನೆ ಮನೆಗೆ ಬರುವವರಿದ್ದರು. "ಅಷ್ಟರಾಗ ಮೀನು ಆಡತಿರಬೇಕು. ಇಲ್ಲಂದ್ರ ಮರುದಿನಾ ಅಂಗಡ್ಯಾವ ಬಂದು ಎಲ್ಲಾ ಬಿಚ್ಚಿ ಡಬ್ಬಿ ಕೂಡ್ರಸ್ತಾನ. ಆಮ್ಯಾಲ ಮಾತಿಲ್ಲ."

"ಮಾತಿಲ್ಲ," ಎಂದ ಗೂಳಪ್ಪ.

ಅವನಿಗೆ ಮೀನಿನ ಮೇಲೆ ಮೋಹವೇನೂ ಇರಲಿಲ್ಲ. ಈ ಮನೆಯಲ್ಲಿ ಯಾರನ್ನೂ ಕೇಳದೆ ಸ್ಪಾನರ್ ಹಿಡಿಯಬಹುದಾದ ಒಂದು ಗೇಣು ಜಾಗ ಬೇಕಿತ್ತು. ಅದು ಸಿಗದಿದ್ದರೆ ಉಳಿದ ಆಯುಷ್ಯ ಹಾಲಿನ ಪಾಕೀಟು ತರುವುದರಲ್ಲಿ, ಲಿಫ್ಟಿಗೆ ಕಾಯುವುದರಲ್ಲಿ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು.

ಶ್ರಾವಣದ ಮೊದಲರ್ಧವೆಲ್ಲ ಹಾಲ್‌ನಲ್ಲಿ ಗರಗಸದ ಸದ್ದು. ಗೂಳಪ್ಪ ಪೈಪು ಕತ್ತರಿಸಿದ, ಅಂಟು ಹಾಕಿದ, ಸೋರಿದ್ದನ್ನು ಕಿತ್ತು ಮತ್ತೆ ಹಾಕಿದ. ನೀರು ಇಳಿಯಲು ಒಂದು ಪೈಪು ಸಾಕಿದ್ದಲ್ಲಿ ಎರಡು ಇಟ್ಟ. ಕಾರ್ಖಾನೆಯಲ್ಲಿ ಕಲಿತ ಪಾಠವದು: ಒಂದು ಕಟ್ಟಿಕೊಂಡರೆ ಇನ್ನೊಂದಿರಬೇಕು. ಆಮೇಲೆ ಕರೆಂಟ್ ಹೋಯಿತೆಂಬಂತೆ ಪಂಪಿನ ಗುಂಡಿ ಆರಿಸುವುದು, ನೀರು ಎಲ್ಲಿಗೆ ನಿಲ್ಲುತ್ತದೆಂದು ಪೆನ್ಸಿಲಿನಿಂದ ಗೆರೆ ಎಳೆಯುವುದು, ಮತ್ತೆ ಹಚ್ಚುವುದು. ಎಂಟನೇ ತರಗತಿಯ ಮೊಮ್ಮಗಳು ಶರ್ವರಿ ಲೆಕ್ಕ ಇಟ್ಟಿದ್ದಳು.

"ಅಜ್ಜಾ, ಇಪ್ಪತ್ಮೂರನೇ ಸಲ. ನಿಮಗ ಬೋರ್ ಆಗಂಗಿಲ್ಲಾ?"

"ನೀರಿಗೆ ಬೋರ್ ಆಗಂಗಿಲ್ಲವಾ. ಒಂದ ಸಲ ತಪ್ಪಿದ್ರೂ ಕೆಳಗಿನವರ ಛತ್ತಿಗೆ ಹೋಗ್ತದ."

ಒಂದು ಸಂಜೆ ಮಳೆಗೆ ನಿಜವಾಗಿಯೇ ಕರೆಂಟ್ ಹೋಯಿತು. ಬಸವಲಿಂಗ ತಾಟು ಬಿಟ್ಟು ಫೋನಿನ ಬೆಳಕು ಹಿಡಿದು ಹಾಲ್‌ಗೆ ಓಡಿದ, ಹಿಂದೆ ನೀತಾ ನೆಲ ಒರೆಸುವ ಬಟ್ಟೆಯೊಡನೆ. ನೆಲ ಒಣಗಿಯೇ ಇತ್ತು. ನೀರು ಪೆನ್ಸಿಲ್ ಗೆರೆಗೆ ಬಂದು ನಿಂತಿತ್ತು. ಗೂಳಪ್ಪ ಕತ್ತಲಲ್ಲೇ ಝುಣಕ ರೊಟ್ಟಿ ಮುಗಿಸಿ, "ಮಜ್ಜಿಗಿ ಹಾಕು," ಎಂದ.

ಫಿಲ್ಟರ್ ಕಟ್ಟಿದರೆ ಮುಗಿಯಲಿಲ್ಲ. ನಗರದ ಆಚೆ ತುದಿಯ ಹಡಪಸರದಲ್ಲಿ ಉಪ್ಪುನೀರಿನ ಮೀನು ಮಾರುವ ಮಾರ್ತಾಂಡ ಎಂಬವನಿಂದ ಗೂಳಪ್ಪ ಕಲ್ಲು ತಂದಿದ್ದ. ಮಾರ್ತಾಂಡ ಹೇಳಿದ್ದ: ಕಲ್ಲಿನ ತೂತುಗಳಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡಬೇಕು, ಮೀನಿನ ಹೊಲಸನ್ನು ತಿಂದುಹಾಕುವುದು ಅವೇ. ಅವಕ್ಕೆ ಮೊದಲ ಊಟವೆಂದು ಒಂದು ಹಸಿ ಸಿಗಡಿ ನೀರಿಗೆ ಹಾಕಿ ಕೊಳೆಯಲು ಬಿಡಿ.

"ಸಿಗಡಿ ಈ ಹೊಸ್ತಿಲಾ ದಾಟಿದ ದಿನಾ ನಾ ಬೈಲಹೊಂಗಲದ ಬಸ್ ಹತ್ತತೇನಿ," ಎಂದಳು ಶಿವಗಂಗವ್ವ. ಅವಳು ಹೇಳಿದರೆ ಹತ್ತುವವಳೇ.

"ಕೊಳೆತ ಸಿಗಡಿಯಿಂದ ಬರೋದರ ಏನು?" ಗೂಳಪ್ಪ ಸೊಸೆಯನ್ನು ಕೇಳಿದ.

"ಅಮೋನಿಯಾ, ಮಾವಾರ."

"ಅಷ್ಟಕ್ಕ ಸಿಗಡಿ ಯಾಕ? ಭಾಂಡೆಕ್ಕ ಕಲಾಯಿ ಮಾಡೋ ಮುಂದ ನವಸಾಗರ ಹಾಕಿ ತಿಕ್ಕತಾರಲ್ಲ, ಹೊಗಿ ಮೂಗಿಗೆ ಹೊಡೀತದಲ್ಲ, ಅದೂ ಅದ ಅಲ್ಲೇನು?"

"ಹೌದ್ರಿ!" ಎಂದಳು ನೀತಾ. "ಆದ್ರ ಕಲಾಯಿಯವನದು ಬ್ಯಾಡ್ರಿ, ಏನೇನ ಕೂಡಿರ್ತದೋ. ಶುದ್ಧದ್ದು ನಾ ತರಸ್ತೇನಿ."

ಹೀಗೆ ಲಿಂಗವಂತರ ಮನೆಯ ಸಮುದ್ರಕ್ಕೆ ಚಿಟಿಕೆ ಚಿಟಿಕೆ ನವಸಾಗರ ಬಿತ್ತು. ನೀತಾ ವಾರಕ್ಕೆರಡು ಸಲ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಮದ್ದಿನ ಹನಿ ಹಾಕುತ್ತಿದ್ದಳು. ಹಸಿರಾದರೆ ಅಮೋನಿಯಾದ ವಿಷ ಇನ್ನೂ ಉಂಟು. ಹಳದಿಯಾದರೆ ಕಲ್ಲಿನ ಜೀವಿಗಳು ತಿಂದು ಮುಗಿಸಿವೆ, ಮೀನು ಬಿಡಬಹುದು. ಗಣಪತಿ ಕುಳಿತ ದಿನ ದಟ್ಟ ಹಸಿರು. ಕಳಿಸುವ ಹೊತ್ತಿಗೆ ಎಳೆ ಹಸಿರು. ಪಕ್ಷಮಾಸದ ಎರಡನೇ ವಾರ ಹಳದಿಯ ಅಂಚಿಗೆ ಬಂತು.

"ಇನ್ನ ನಾಕೈದು ದಿನಾ ಮಾವಾರ."

ಗೂಳಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಅಮಾವಾಸ್ಯೆಯ ಹಿಂದಿನ ದಿನ ಅವನು ಖಡಕಿಗೆ ಹೋದ. ಜೊತೆಗೆ ಕೆಲಸ ಮಾಡಿದ ಲಾಲಪ್ಪನ ನಿವೃತ್ತಿ ಸಮಾರಂಭ. ಅತ್ತ ಮನೆಯಲ್ಲಿ ಶಿವಗಂಗವ್ವ ಸೀರೆ ಎತ್ತಿ ಕಟ್ಟಿದ್ದಳು. ನವರಾತ್ರಿಯ ಘಟ ಕೂಡಿಸುವ ಮೊದಲು ಮನೆಯ ಕೌದಿ, ಪರದೆ, ಹಾಸಿಗೆ, ಡಬ್ಬಿ, ಚಮಚ ಎಲ್ಲ ತೊಳೆದಾಗಬೇಕು. ತೊಳೆಯದ ಒಂದು ಚಿಂದಿಯೂ ಉಳಿಯಬಾರದು. ಅವಳ ಅತ್ತೆ ಹಾಗೆ ಮಾಡಿದ್ದಳು, ಅತ್ತೆಯ ಅತ್ತೆಯೂ. ಕೊನೆಗೆ ಹಾಲ್‌ನಲ್ಲಿ ತೊಟ್ಟಿಯ ಕೆಳಗಿನ ಕಪಾಟು ತೆಗೆದಳು. ಒಳಗೆ ಕಂದು ಲೋಳೆ ಹತ್ತಿದ ಕಲ್ಲುಗಳು, ಮಣ್ಣು ಬಣ್ಣದ ಸ್ಪಂಜು. ಮೂಗು ಮುಚ್ಚಿಕೊಂಡಳು.

ಸಂಜೆ ಗೂಳಪ್ಪ ಪೇಢೆಯ ಪೊಟ್ಟಣದೊಡನೆ ಬಂದು, ಚಪ್ಪಲಿ ಬಿಟ್ಟು, ರೂಢಿಯಂತೆ ಮೊದಲು ಕಪಾಟು ತೆಗೆದ. ಕಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಯಾರು ತೊಳದ್ರು ಇದನ್ನ?"

"ಮತ್ತ್ಯಾರು ತೊಳೀತಾರ? ನಾ. ನಾರತಿದ್ವು. ಕುದಿಯೋ ನೀರು ಸುರುವಿ, ನಾರಿನ ಗುಂಜಿಲೆ ತಿಕ್ಕಿ, ಬಿಸಲಾಗ ಒಣಗಿಸಿ ಮತ್ತ ಇಟ್ಟೇನಿ. ರಟ್ಟಿ ಬಿದ್ದು ಹೋದ್ವು."

ಗೂಳಪ್ಪ ನೆಲದ ಮೇಲೆ ಕುಳಿತುಬಿಟ್ಟ. "ಆರು ವಾರದ ಕೆಲಸ," ಎಂದ. ಇಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನೀತಾ ನೀರು ಪರೀಕ್ಷಿಸಿ ಚಿಟಿಕೆ ನವಸಾಗರ ಹಾಕಿದಳು. ಮರುದಿನ ಬೆಳಿಗ್ಗೆ ನಳಿಗೆ ಹಸಿರಾಯಿತು, ಸಂಜೆಗೆ ಇನ್ನೂ ಹಸಿರು. ತಿನ್ನುವ ಜೀವಿಗಳು ಸತ್ತಿದ್ದವು.

"ಆತಲ್ಲ ಅಪ್ಪಾ," ಎಂದ ಬಸವಲಿಂಗ, ತಂದೆಯ ಹೆಗಲ ಮೇಲೆ ಕೈ ಇಟ್ಟು. "ಭಾಳ ಮಾಡಿದ್ರಿ. ಸಾಕಿನ್ನ. ಅಂಗಡ್ಯಾವಗ ಮುಂಗಡ ಕಳಿಸೇನಿ. ದಸರಾ ಮರುದಿನಾ ಬರ್ತಾನ." ಆಮೇಲೆ ತಾಯಿಯ ಕಡೆ ತಿರುಗಿದ. "ಅವ್ವಾ, ನೀನೂ ಅಷ್ಟ. ಕೈ ಹಚ್ಚೋಕಿಂತ ಮೊದಲ ನನ್ನ ಕೇಳಬೇಕಿತ್ತಲ್ಲ."

"ತೊಳ್ಯಾಕ ನಿನ್ನ ಕೇಳಬೇಕೇನೋ?" ಶಿವಗಂಗವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ನಲವತ್ತು ವರ್ಷ ತೊಳದೇನಿ. ನಿನ್ನ ಕುಂಡಿನೂ ತೊಳದೇನಿ. ಆವಾಗ ಯಾರನ್ನ ಕೇಳಿದ್ನಿ?"

ಶರ್ವರಿ ನಗು ತಡೆಯಲಾರದೆ ತನ್ನ ಕೋಣೆಗೆ ಓಡಿದಳು. ಬಸವಲಿಂಗ ಕಾರಿನ ಕೀಲಿ ಹುಡುಕತೊಡಗಿದ. ಶಿವಗಂಗವ್ವ ಅಲ್ಲಿಗೇ ಬಿಡಲಿಲ್ಲ, ಗಂಡನ ಮುಂದೆ ಬಂದು ನಿಂತಳು.

"ಕಲ್ಲಿನ್ಯಾಗ ಜೀವ ಅದಾವಂತ ನೀತಾಗ ಹೇಳೀರಿ. ಶರ್ವರಿಗೆ ಹೇಳೀರಿ. ಗೇಟಿನ ವಾಚ್‌ಮನ್‌ಗೂ ಹೇಳೀರಿ. ನನಗ ಹೇಳೀರೇನು?"

ಗೂಳಪ್ಪ ಕಪಾಟಿನ ಕಡೆ ಮುಖ ತಿರುಗಿಸಿದ.

"ಮಗಾ ನಿಮ್ಮನ್ನ ಲೆಕ್ಕಕ್ಕ ಹಿಡಿಯಂಗಿಲ್ಲಂತ ಮಾರಿ ಸಣ್ಣದ ಮಾಡ್ಕೊಂಡು ಕೂಡತೀರಿ. ನೀವು ನನ್ನ ಯಾವಾಗ ಲೆಕ್ಕಕ್ಕ ಹಿಡದೀರಿ? ಕಾರ್ಖಾನ್ಯಾಗ ಏನ ಮಾಡತೀರಿ ಅಂದ್ರ ಸರಕಾರಿ ಗುಟ್ಟು. ನಳಾ ತಿರುವೋದ್ರಾಗ ಎಂಥಾ ಗುಟ್ಟರೀ? ತೊಳ್ಯಾಕೀ ತೊಳಕೋತ ಇರಲಿ ಅಂದ್ರಿ. ತೊಳದ್ನಿ. ನಂದೇನು ತಪ್ಪು?"

ಅವಳದು ತಪ್ಪಿರಲಿಲ್ಲ. ಅದೇ ಗೂಳಪ್ಪನಿಗೆ ಚುಚ್ಚಿದ್ದು. ಮಗನ ಮೆತ್ತಗಿನ ಮಾತು ನುಂಗುತ್ತ ಎರಡು ವರ್ಷ ಕಳೆದವನಿಗೆ, ತಾನು ಅದೇ ಮದ್ದನ್ನು ಹೆಂಡತಿಗೆ ನಲವತ್ತು ವರ್ಷ ಕುಡಿಸಿದ್ದು ಅಂದು ತಿಳಿಯಿತು. ನಾಚಿಕೆಯಾಯಿತು. ಕ್ಷಮಿಸು ಎನ್ನುವ ಮಾತು ಅವರಿಬ್ಬರ ನಡುವೆ ಎಂದೂ ಬಳಕೆಯಲ್ಲಿರಲಿಲ್ಲ. ಅವನು ಎದ್ದು ಹೋಗಿ ಅಡುಗೆಮನೆಯ ಮಣೆ ತಂದು ಕಪಾಟಿನ ಮುಂದೆ ಹಾಕಿದ.

"ಕೂಡು. ಹೇಳ್ತೇನಿ."

ಕುಳಿತಳು. ಅವನು ಪೈಪಿನಿಂದ ಪೈಪಿಗೆ ಬೆರಳಿಟ್ಟು ಹೇಳುತ್ತ ಹೋದ. ಅವಳು ನಡುನಡುವೆ ತಡೆದಳು. ಎರಡು ಪೈಪು ಯಾಕೆ? ಈ ನೊರೆ ಹಿಡಿಯುವ ಬಟ್ಟಲು ಯಾಕೆ? ಅದು ನೀರಿನ ಜಿಡ್ಡನ್ನು ನೊರೆ ಮಾಡಿ ತೆಗೆಯುತ್ತದೆ ಎಂದಾಗ, "ಬೆಲ್ಲದ ಪಾಕದ ಮ್ಯಾಲಿನ ಹೊಲಸು ತೆಗದಂಗ," ಎಂದಳು. ಕಲ್ಲಿನ ತನಕ ಬಂದರು.

"ಕಣ್ಣಿಗೆ ಕಾಣಂಗಿಲ್ಲ. ಸ್ವಲ್ಪ ಇದ್ವು ಅಂದ್ರ ತಾವ ಬೆಳೀತಾವು. ಬಿಸಿನೀರು ಬಿತ್ತಂದ್ರ ಸಾಯ್ತಾವು."

"ಹೆಪ್ಪು ಅನ್ರಿ ಮತ್ತ! ಕುದಿಯೋ ಹಾಲಿಗೆ ಹೆಪ್ಪು ಹಾಕಿದ್ರ ಎಂದರ ಮೊಸರಾಗ್ತದೇನು? ಮೊದಲ ಹೇಳಿದ್ರ ಮುಟ್ಟತಿದ್ನೇನು ನಾ?" ಒಂದು ಬಿಳಿ ಕಲ್ಲನ್ನು ಎತ್ತಿ ತಿರುವಿ ನೋಡಿದಳು. "ಮನ್ಯಾಗ ಹೆಪ್ಪು ಕೆಟ್ರ ಯಾರರ ಆರು ವಾರ ಕಾಯ್ತಾರೇನ್ರೀ? ಬಾಜೂ ಮನಿಗೆ ಹೋಗಿ ಇಸ್ಕೊಂಡು ಬರ್ತಾರ. ಯಾರ ಮನ್ಯಾಗ ಅದ ಇದು?"

ಘಟ ಕೂಡಿಸಿದ ಮರುದಿನ ಇಬ್ಬರೂ ಎರಡು ಬಸ್ ಬದಲಿಸಿ ಹಡಪಸರಕ್ಕೆ ಹೋದರು. ಶಿವಗಂಗವ್ವನ ಕೈಯಲ್ಲಿ ಮುಚ್ಚಳದ ಬಕೆಟು. ಮಾರ್ತಾಂಡನ ಅಂಗಡಿಯಲ್ಲಿ ಅವಳು ತನ್ನ ಖಡಕಿ ಮರಾಠಿಯಲ್ಲಿ, "ಥೋಡಂ ವಿರಜಣ ದ್ಯಾ," ಎಂದಳು. ಅಂದರೆ, ಸ್ವಲ್ಪ ಹೆಪ್ಪು ಕೊಡಿ.

ಹನ್ನೆರಡು ವರ್ಷದಿಂದ ಮೀನು ಮಾರುವ ಮಾರ್ತಾಂಡನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೊದಲು ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಹೊಟ್ಟೆ ಹಿಡಿದು ನಕ್ಕ. ತನ್ನ ಹಳೆಯ ತೊಟ್ಟಿಯ ಕೆಳಗಿನಿಂದ ಲೋಳೆ ಹತ್ತಿದ ಮೂರು ಕಲ್ಲು, ಒಂದು ಕಪ್ಪು ಸ್ಪಂಜು ತೆಗೆದು, ಅದೇ ಉಪ್ಪುನೀರಿನಲ್ಲಿ ಮುಳುಗಿಸಿ ಕೊಟ್ಟ. ಗೂಳಪ್ಪ ಕಿಸೆಗೆ ಕೈ ಹಾಕಿದಾಗ ತಡೆದ. ಹೆಪ್ಪಿಗೆ ದುಡ್ಡು ತೆಗೆದುಕೊಳ್ಳುವವನು ಪುಣೆಯಲ್ಲೂ ಇನ್ನೂ ಹುಟ್ಟಿಲ್ಲ.

ಬಸ್ಸಿನಲ್ಲಿ ಅವಳು ಬಕೆಟನ್ನು ತೊಡೆಯಿಂದ ಇಳಿಸಲಿಲ್ಲ. ಪಕ್ಕದ ಹೆಂಗಸು ವಾಸನೆಗೆ ಮುಖ ತಿರುಗಿಸಿದಾಗ ಇವಳು ಇನ್ನಷ್ಟು ನೆಟ್ಟಗೆ ಕುಳಿತಳು.

"ಮತ್ತ ನನ್ನ ಕೇಳದ ಹೋಗೀರಿ," ಎಂದ ಬಸವಲಿಂಗ ಸಂಜೆ.

"ಹೋಗೇವಿ," ಎಂದಳು ತಾಯಿ. "ಕೈ ತೊಳಕೋ, ಊಟಕ್ಕ ಬಾ."

ನವರಾತ್ರಿಯುದ್ದಕ್ಕೂ ಮನೆಯಲ್ಲಿ ಎರಡು ಸೇವೆ ನಡೆದವು. ದೇವರ ಮುಂದೆ ಘಟದ ದೀಪಕ್ಕೆ ಎಣ್ಣೆ, ಹಾಲ್‌ನಲ್ಲಿ ನೀರಿಗೆ ನವಸಾಗರ. ಶಿವಗಂಗವ್ವ ಈಗ ನಳಿಗೆಯನ್ನು ತಾನೇ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಣ್ಣ ಇಳಿಯುತ್ತಿತ್ತು, ಆದರೆ ಮನೆಯವರ ಆತುರಕ್ಕೆ ತಕ್ಕಂತೆ ಅಲ್ಲ. ದಸರೆಯ ಮುನ್ನಾದಿನ, ಖಂಡೇಪೂಜೆಗೆ, ನೀತಾ ಮುಚ್ಚುಮರೆ ಇಲ್ಲದೆ ಹೇಳಿದಳು, "ಇನ್ನೂ ಹಸಿರದ ಮಾವಾರ. ದಸರಾಕ್ಕ ಆಗಂಗಿಲ್ಲ. ಇನ್ನೊಂದು ವಾರ ಬೇಕು."

ಬಸವಲಿಂಗ ದಾರಿ ಹುಡುಕಿದ. "ಎರಡು ಮೀನು ಹಂಗ ಬಿಡೋಣಲ್ಲ? ಒಂದ ಸಂಜೀ ಮಾತು. ಸಾಹೇಬ್ರು ನೋಡಿ ಹೋಗ್ತಾರ."

"ಸಾಯ್ತಾವು," ಎಂದ ಗೂಳಪ್ಪ.

"ಎರಡು ದಿನಾ ತಡೀತಾವಪ್ಪಾ."

"ಎರಡು ದಿನಾ ಆದ ಮ್ಯಾಲ?"

"ಹೆಪ್ಪುಗೂಡದ ಹಾಲನ್ನ ಮೊಸರಂತ ಬೀಗರಿಗೆ ಬಡಸ್ತಾರೇನೋ?" ಎಂದಳು ಶಿವಗಂಗವ್ವ. "ನಿನ್ನ ಸಾಹೇಬ ನೀರು ನೋಡಿ ಹೋಗಲಿ."

ದಸರೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ಕಟ್ಟುತ್ತಿದ್ದಾಗ ಗೂಳಪ್ಪ ಫ್ರಿಜ್ಜಿಗೆ ಅಂಟಿಸಿದ್ದ ಅಂಗಡಿಯ ಮುಂಗಡ ರಸೀತಿ ತೆಗೆದುಕೊಂಡು ಬಾಲ್ಕನಿಗೆ ಹೋದ. ಹೆಂಡತಿಯನ್ನೂ ಕರೆದ. ಬಾಗಿಲು ಎಳೆದುಕೊಂಡರು. ಒಳಗೆ ಬಂದಾಗ ಶಿವಗಂಗವ್ವನ ಮುಖದಲ್ಲಿ ಹೊಸ ಸೀರೆಯ ಕಳೆ ಇತ್ತು, ಸೀರೆ ಹಳೆಯದೇ.

ಸಂಜೆ ಅವಿನಾಶ್ ಮತ್ತು ಅವರ ಹೆಂಡತಿ ಬಂದರು. ಕುಳಿತುಕೊಳ್ಳುವ ಮೊದಲೇ ತೊಟ್ಟಿಯ ಮುಂದೆ ನಿಂತರು. ತಿಳಿನೀರು, ಮೆಲ್ಲಗೆ ಸುತ್ತುವ ಅಲೆ, ಬೆಳಕು, ಕಲ್ಲು. ಮೀನಿಲ್ಲ.

"ಮಾಸೆ ಕುಠೆ ಆಹೇತ್?" ಮೀನುಗಳೆಲ್ಲಿ ಎಂದರು ಅವಿನಾಶ್.

ಬಸವಲಿಂಗ ಬಾಯಿ ತೆರೆಯುವಷ್ಟರಲ್ಲಿ ಶಿವಗಂಗವ್ವ ಮರಾಠಿಯಲ್ಲಿ ಉತ್ತರ ಕೊಟ್ಟಾಗಿತ್ತು: ನೀರಿಗೆ ಹೆಪ್ಪು ಹಾಕಿದ್ದೇವೆ, ಇನ್ನೂ ಕೂಡಿಲ್ಲ, ಕೂಡಿದ ಮೇಲೆ ಮೀನು ಬರುತ್ತವೆ. ಕಪಾಟು ತೆಗೆದು ತೋರಿಸಿದಳು. ಯಾವ ಪೈಪು ಎಲ್ಲಿಗೆ, ಎರಡು ಯಾಕೆ, ಕರೆಂಟ್ ಹೋದರೆ ನೀರು ಎಲ್ಲಿಗೆ ನಿಲ್ಲುತ್ತದೆ, ಎಲ್ಲ ಹೇಳಿದಳು. ಅವಿನಾಶ್ ಮೊಣಕಾಲೂರಿ ಕುಳಿತು ನೋಡಿ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು.

ಬಸವಲಿಂಗನ ಕಿವಿ ಕೆಂಪಾಗಿತ್ತು. ಇದು ತಾತ್ಕಾಲಿಕ ವ್ಯವಸ್ಥೆ, ನಾಳೆ ಬೆಳಿಗ್ಗೆಯೇ ಅಂಗಡಿಯವರು ಬಂದು ಒಳ್ಳೆಯ ಡಬ್ಬಿ ಫಿಲ್ಟರ್ ಕೂಡಿಸುತ್ತಾರೆ ಎಂದು ಮರಾಠಿಯಲ್ಲಿ ಅವಸರವಾಗಿ ಹೇಳಿ, ದಸರೆಯ ಬನ್ನಿ ಹಂಚಲು ಎಲೆಯ ತಟ್ಟೆ ಎತ್ತಿಕೊಂಡ.

"ನಾಳಿಗಿ ಯಾರೂ ಬರಂಗಿಲ್ಲ," ಎಂದ ಗೂಳಪ್ಪ ಕನ್ನಡದಲ್ಲಿ.

"ಅಂದ್ರ?"

"ಫೋನ್ ಮಾಡಿ ಬ್ಯಾಡಂತ ಹೇಳೇನಿ. ಮುಂಗಡ ಮುಳುಗ್ತದಂತ. ನನ್ನ ಪಿಂಚಣ್ಯಾಗ ತಗೋ."

ಬಸವಲಿಂಗ ಅತಿಥಿಗಳ ಕಡೆ ನಗುಮುಖ ಇಟ್ಟುಕೊಂಡೇ ದನಿ ತಗ್ಗಿಸಿದ. "ಯಾರನ್ನ ಕೇಳಿ ಮಾಡಿದ್ರಿ?"

"ನಿಮ್ಮವ್ವನ್ನ ಕೇಳೇನಿ," ಎಂದ ಗೂಳಪ್ಪ. ಅವನ ದನಿ ತಗ್ಗಲಿಲ್ಲ. "ಬನ್ನಿ ಕೊಡತೀಯೋ, ಹಂಗ ಹಿಡಕೊಂಡು ನಿಂದ್ರತೀಯೋ?"

ಅಂಗೈ ಚಾಚಿದ. ಅವಿನಾಶ್ ಕಪಾಟಿನ ಮುಂದಿನಿಂದ ತಲೆ ಎತ್ತಿ ನೋಡುತ್ತಿದ್ದರು. ಬಸವಲಿಂಗ ಎಲೆ ಇಟ್ಟ, ಬಗ್ಗಿ ಕಾಲು ಮುಟ್ಟಿದ. ಗೂಳಪ್ಪ ಮಗನ ನೆತ್ತಿಯ ಮೇಲೆ ಕೈ ಇಟ್ಟು, "ಶಾಣ್ಯಾ ಆಗು," ಎಂದ.